ವೈರಿನ ಲಾನ್ ಮೋವರ್: ಮೂರು ವರ್ಷಗಳ ಬಳಕೆಯ ನಂತರ

ಗೋಡೆಯ ಪ್ಲಗ್ಗಿನಿಂದ ನೇರವಾಗಿ ವಿದ್ಯುತ್ ಪಡೆದು ನಡೆಯುವ ಹುಲ್ಲು ಕತ್ತರಿಸುವ ಯಂತ್ರವನ್ನು ಮೂರು ವರ್ಷಗಳಿಂದ ಬಳಸುತ್ತಿದ್ದೇನೆ. ಇದರದು 1,400 ವಾಟ್‌ನ ಮೋಟಾರು; ಒಂದು ಸಲಕ್ಕೆ 34 ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಕತ್ತರಿಸುತ್ತದೆ. ಕೊಳ್ಳುವಾಗ ನನಗಿದ್ದ ಅಳುಕು ವೈರಿನದೊಂದೇ. ಈಗಲೂ ಇದರ ಗುಣ ದೋಷಗಳೆರಡೂ ಆ ವೈರಿನಿಂದಲೇ ಬಂದವು ಎನ್ನುತ್ತೇನೆ.

ಪೆಟ್ರೋಲ್ ತುಂಬಿಸುವ, ಆಯಿಲ್ ಬದಲಿಸುವ, ಕಾರ್ಬ್ಯುರೇಟರ್ ತೊಳೆಯುವ ಗೊಡವೆ ಇಲ್ಲಿಲ್ಲ. ಬ್ಯಾಟರಿ ವರ್ಷದಿಂದ ವರ್ಷಕ್ಕೆ ಸೊರಗುವ ಚಿಂತೆಯೂ ಇಲ್ಲ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತಿದ್ದರೂ ಹಿಡಿಯ ಸನ್ನೆಯನ್ನು ಒತ್ತಿದೊಡನೆ ಅಲಗು ತಿರುಗುತ್ತದೆ.

ವೈರನ್ನು ಸಂಭಾಳಿಸುವುದನ್ನು ಮಾತ್ರ ಕಲಿಯಲೇಬೇಕು. ಮೊದಲ ತಿಂಗಳಲ್ಲಿ ನಾನು ಹುಲ್ಲುಹಾಸಿನ ದೂರದ ತುದಿಯಿಂದ ಶುರುಮಾಡಿ ಪ್ಲಗ್ಗಿನ ಕಡೆಗೆ ಬರುತ್ತಿದ್ದೆ. ಒಂದು ತಿರುವಿನಲ್ಲಿ ವೈರು ಯಂತ್ರದ ಅಡಿಗೆ ಸಿಕ್ಕಿ, ಕಿತ್ತಳೆ ಬಣ್ಣದ ಹೊದಿಕೆ ಸೀಳಿ, ಒಳಗಿನ ತಾಮ್ರದ ಎಳೆಗಳು ಹೊಳೆಯತೊಡಗಿದವು. ಅದನ್ನು ಮುಟ್ಟದೆ, ಮೊದಲು ಹೋಗಿ ಪ್ಲಗ್ಗು ಕಿತ್ತೆ. ಆ ವಾರವೇ 30 ಮಿಲಿಆಂಪಿಯರ್ ಸೋರಿಕೆಗೆ ವಿದ್ಯುತ್ ಕಡಿದುಬಿಡುವ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ಚು ಹಾಕಿಸಿದೆ. ಅದಿಲ್ಲದೆ ಇಂಥ ಯಂತ್ರವನ್ನು ಯಾರೂ ಬಳಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಈಗ ಪ್ಲಗ್ಗಿನ ಬಳಿಯಿಂದ ಆರಂಭಿಸಿ ದೂರ ಸಾಗುತ್ತೇನೆ, ಪ್ರತಿ ತಿರುವಿನಲ್ಲೂ ವೈರನ್ನು ಆಗಲೇ ಕತ್ತರಿಸಿದ ಬದಿಗೆ ಎಸೆಯುತ್ತೇನೆ.

ಎಕ್ಸ್‌ಟೆನ್ಷನ್ ವೈರಿನ ದಪ್ಪವೂ ಅಷ್ಟೇ ಮುಖ್ಯ. ನಾನು ಮೊದಲು ತಂದ ತೆಳುವಾದ ವೈರನ್ನು ಉರುಳೆಯಲ್ಲಿ ಅರ್ಧ ಸುತ್ತಿಟ್ಟೇ ಬಳಸಿದಾಗ, ಬಿಸಿ ಹೊರಹೋಗಲು ದಾರಿಯಿಲ್ಲದೆ ಒಳಗಿನ ಸುತ್ತುಗಳು ಕೈಗೆ ಸುಡುವಷ್ಟು ಕಾದಿದ್ದವು. ದಟ್ಟ ಹುಲ್ಲಿನಲ್ಲಿ ಮೋಟಾರಿನ ದನಿಯೂ ಕುಗ್ಗುತ್ತಿತ್ತು. 1.5 ಚದರ ಮಿಲಿಮೀಟರ್‌ನ ವೈರು ತಂದು, ಪೂರ್ತಿ ಬಿಚ್ಚಿ ಹಾಸಿದ ಮೇಲೆ ಎರಡೂ ತೊಂದರೆ ನಿಂತವು.

ದೂರುಗಳೂ ಇವೆ. ಹುಲ್ಲು ತುಂಬುವ ಚೀಲ ತೀರ ಚಿಕ್ಕದು. ಎತ್ತರ ಬದಲಿಸಲು ನಾಲ್ಕು ಚಕ್ರಗಳನ್ನೂ ಒಂದೊಂದಾಗಿ ಕಿತ್ತು ಹಾಕಬೇಕಾದದ್ದು ಬೇಸರದ ಕೆಲಸ. ನಡುವೆ ಮರಗಳಿರುವ ಅಥವಾ ಪ್ಲಗ್ಗಿನಿಂದ 30 ಮೀಟರ್‌ಗೂ ಆಚೆ ಹರಡಿದ ಜಾಗಕ್ಕೆ ಇದನ್ನು ಕೊಳ್ಳಬೇಡಿ. ಅಲ್ಲಿ ಬ್ಯಾಟರಿ ಯಂತ್ರವೇ ಲೇಸು.

ಕತ್ತರಿಸುವ ಗುಣಮಟ್ಟದ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ, ಆದರೆ ಹುಲ್ಲು ಒಣಗಿರಬೇಕು, ಒಂದು ಸಲಕ್ಕೆ ಅದರ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಮರುದಿನ ಎಸಳುಗಳ ತುದಿಯನ್ನು ಬಾಗಿ ನೋಡುತ್ತೇನೆ: ಹಸಿರಾಗಿ ನೇರವಾಗಿದ್ದರೆ ಸರಿ, ನಾರುನಾರಾಗಿ ಕಂದಿದ್ದರೆ ಪ್ಲಗ್ಗು ಕಿತ್ತು, ಅಲಗು ಬಿಚ್ಚಿ ಸಾಣೆ ಹಿಡಿಸುತ್ತೇನೆ.