ಎರಡು ಸಾವಿರದೊಳಗಿನ ಮಿಕ್ಸಿ: ಜಾರ್ ಬೋರಲು ಹಾಕಿ ನೋಡಿ

ತುಮಕೂರಿನ ಎಂ.ಜಿ. ರಸ್ತೆ, ಮಂಡಿಪೇಟೆ ಕಡೆ ಎರಡು ಸಾವಿರದೊಳಗೆ ಮೂರು ಜಾರಿನ 500 ವ್ಯಾಟ್ ಮಿಕ್ಸಿ ಕೇಳಿದರೆ ತೋರಿಸ್ತಾರೆ. ಕಾಯಿ ಚಟ್ನಿಗೆ ಪರವಾಗಿಲ್ಲ. ಹುಚ್ಚೆಳ್ಳು ಪುಡಿ, ಕೊಬ್ಬರಿ ಹಾಕಿದ ಸಾರಿನ ಪುಡಿ ಶುರು ಮಾಡಿದರೆ ಅದರ ಬಂಡವಾಳ ಬಯಲಾಗುತ್ತೆ.

ಮೊದಲು ಕೈಕೊಡೋದು ಜಾರಿನ ತಳ, ಮೋಟಾರ್ ಆಮೇಲೆ. ಬ್ಲೇಡಿನ ಶಾಫ್ಟ್, ಅಂದರೆ ಅದರ ಕಡ್ಡಿ, ತಿರುಗೋದು ಬುಷ್ ಅನ್ನೋ ಲೋಹದ ಕೊಳವೆಯೊಳಗೆ. ಅಗ್ಗದ ಜಾರಲ್ಲಿ ಬುಷ್ ಗಿಡ್ಡ, ಶಾಫ್ಟಿಗೆ ಹಿಡಿತ ಸಾಲದು. ಶಾಫ್ಟ್ ಓಲಾಡ್ತಾ ನೀರು ತಡೆಯುವ ಸೀಲ್ ವಾಷರನ್ನು ತಿನ್ನುತ್ತೆ, ಉಪ್ಪು-ಹುಳಿ ನೀರು ಒಳಗಿಳಿದು ಬುಷ್ಷಿನ ಎಣ್ಣೆಯನ್ನು ತೊಳೆಯುತ್ತೆ, ಒಣಗಿದ ಲೋಹ ಉಜ್ಜಿ ಕಪ್ಪು ಜಿಡ್ಡು ಮೇಲೆ ಬರುತ್ತೆ. ಬೆಳ್ಳನೆ ಕಾಯಿ ಚಟ್ನಿಯಲ್ಲಿ ಬ್ಲೇಡಿನ ಬುಡದ ಸುತ್ತ ಬೂದು ಉಂಗುರ ಕಂಡರೆ ಅದು ಒಗ್ಗರಣೆ ಸಾಸಿವೆಯದಲ್ಲ. ಇತ್ತ ಸೋರಿದ ನೀರು ಮೋಟಾರಿನ ಬೇರಿಂಗಿಗೂ ಇಳಿಯುತ್ತೆ.

ಬಿಲ್ ಹಾಕಿಸೋಕೆ ಮುಂಚೆ ಜಾರನ್ನು ಬೋರಲು ಹಾಕಿ, ಕಪ್ಲರ್ (ಮೋಟಾರಿನ ಮೇಲೆ ಕೂರುವ ತಳದ ಹಲ್ಲಿನ ಬಿಲ್ಲೆ) ಹಿಡಿದು ಅಲ್ಲಾಡಿಸಿ. ಮೇಲೆ-ಕೆಳಗೆ ಕೂದಲೆಳೆಯಷ್ಟು ಆಟ ಇರಬಹುದು, ಪಕ್ಕಕ್ಕೆ ಇರಕೂಡದು. ಅರ್ಧ ಜಾರ್ ನೀರು ತುಂಬಿ ಹಳೇ ಪೇಪರ್ ಮೇಲೆ ಐದು ನಿಮಿಷ ಇಟ್ಟರೆ ಸೀಲಿನ ಹಣೆಬರಹ ಗೊತ್ತಾಗುತ್ತೆ. ಬ್ಲೇಡಿಗೆ ಮ್ಯಾಗ್ನೆಟ್ ಅಂಟಿತು, ಕಳಪೆ ಸ್ಟೀಲ್ ಅಂತ ಮಾತ್ರ ಮಿಕ್ಸಿಯನ್ನು ಬೇಡ ಅನ್ನಬೇಡಿ. ಮೊನೆ ಹಿಡಿದು ನಿಲ್ಲುವ ಗಟ್ಟಿ ಸ್ಟೀಲಿಗೆ ಮ್ಯಾಗ್ನೆಟ್ ಅಂಟುತ್ತೆ.

ಕಪ್ಲರ್ ಸವೆಯೋದು ದೋಷವಲ್ಲ. ಬ್ಲೇಡ್ ಸಿಕ್ಕಿಹಾಕಿಕೊಂಡಾಗ ಮೋಟಾರ್ ಸುಡುವ ಬದಲು ತನ್ನ ಹಲ್ಲು ಉದುರಿಸಿಕೊಳ್ಳಲಿ ಅಂತಲೇ ಅದನ್ನು ಮೆತ್ತಗೆ ಮಾಡ್ತಾರೆ. ತೊಂದರೆ ಇರೋದು, ಮಾಡೆಲ್ ಬದಲಾದಾಗ ಅಳತೆಯೂ ಬದಲಾಗೋದರಲ್ಲಿ. ನೂರು ರೂಪಾಯಿಯೊಳಗಿನ ಒಂದು ಬಿಡಿಭಾಗ ಸಿಗದೆ ಇಡೀ ಜಾರ್ ಕೊಳ್ಳಬೇಕಾಗುತ್ತೆ. ಮಿಕ್ಸಿ ಕೊಳ್ಳುವಾಗಲೇ ಒಂದು ಕಪ್ಲರ್, ಒಂದು ಗ್ಯಾಸ್ಕೆಟ್ ಕೇಳಿ. "ಆಮೇಲೆ ತರಿಸಿಕೊಡ್ತೀವಿ ಸಾರ್" ಅಂದರೆ ಆ ಮಾಡೆಲ್ ಬೇಡ.

ಡಬ್ಬದ ಮೇಲೆ ತಾಮ್ರದ ವೈಂಡಿಂಗ್ (ಮೋಟಾರಿನೊಳಗೆ ಸುತ್ತಿದ ತಂತಿ) ಅಂತ ಬರೆದಿಲ್ಲವಾ, ಅಲ್ಯೂಮಿನಿಯಂ ಅಂತಲೇ ತಿಳಿಯಿರಿ. ಅದೇ ದಪ್ಪದ ತಂತಿಯಲ್ಲಿ ಅಲ್ಯೂಮಿನಿಯಮ್ಮಿನ ಪ್ರತಿರೋಧ ತಾಮ್ರದ ಸುಮಾರು 1.6 ಪಟ್ಟು, ಹಾಗಾಗಿ ಬೇಗ ಕಾಯುತ್ತೆ. ಮಿಕ್ಸಿಯ ತಳದ ಲೇಬಲ್ಲಿನ 30 ನಿಮಿಷ ಅನ್ನೋದು ಒಂದೇ ಸಮನೆ ಓಡಿಸೋಕಲ್ಲ. ಪಕ್ಕದಲ್ಲೇ 5 ನಿಮಿಷ ಓಟ, 2 ನಿಮಿಷ ಬಿಡುವು ಅಂತ ಸಣ್ಣಕ್ಷರದಲ್ಲಿರುತ್ತೆ. ಹುಚ್ಚೆಳ್ಳು ಎಣ್ಣೆಕಾಳು, ಬ್ಲೇಡಿನಡಿ ಮುದ್ದೆ ಕಟ್ಟುತ್ತೆ. ಹುರಿದದ್ದು ಪೂರ್ತಿ ಆರಲಿ, ಜಾರಿಗೆ ಮೂರನೇ ಒಂದು ಭಾಗ ಮಾತ್ರ ಹಾಕಿ, ಐದಾರು ಸೆಕೆಂಡ್ ಬಿಟ್ಟು ಬಿಟ್ಟು ತಿರುಗಿಸಿ, ನಡುವೆ ಸ್ಪೂನಿನಿಂದ ಕೆದಕಿ. ಕೊಬ್ಬರಿಯನ್ನು ತುರಿದೇ ಹಾಕಿ. ನಿಂತುಹೋದರೆ ಸ್ವಿಚ್ ಆರಿಸಿ, ತಣ್ಣಗಾದ ಮೇಲೆ ತಳದ ಕೆಂಪು ಗುಂಡಿ ಒತ್ತಿ.

ಐದು ವರ್ಷ ವಾರಂಟಿ ಅನ್ನೋ ದೊಡ್ಡ ಸ್ಟಿಕ್ಕರ್ ಸಾಮಾನ್ಯವಾಗಿ ಮೋಟಾರಿಗಷ್ಟೇ. ಜಾರ್, ಬುಷ್, ಕಪ್ಲರ್ ಅದರ ಹೊರಗೆ, ಅಂದರೆ ಮೊದಲು ಕೆಡುವುದೆಲ್ಲ ನಿಮ್ಮ ಖರ್ಚು.

ಪುಡಿ ಮಾಡುವ ಮನೆಗೆ ಈ ಅಗ್ಗದ ಮಿಕ್ಸಿ ದುಡ್ಡಿಗೆ ತಕ್ಕ ಮಾಲಲ್ಲ. 750 ವ್ಯಾಟ್, ತಾಮ್ರದ ವೈಂಡಿಂಗ್, ಅಲುಗಾಡದ ಜಾರ್ ನೋಡಿ. ಮನೆಯ ಹಳೇ ಮಿಕ್ಸಿಯ ಮೋಟಾರ್ ಇನ್ನೂ ಗಟ್ಟಿಯಾಗಿದ್ದರೆ ಎಕ್ಸ್‌ಚೇಂಜಿಗೆ ಕೊಡಬೇಡಿ, ಬುಷ್ ಮತ್ತು ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಹಾಕಿಸಿ. ಬ್ರಷ್ಷನ್ನು ಜೋಡಿಯಾಗಿಯೇ ಬದಲಿಸಬೇಕು. ಒಂದನ್ನೇ ಹಾಕಿ ಕಳಿಸಿದರೆ ಕಿಡಿ ನಿಲ್ಲಲ್ಲ.