47ಕ್ಕೆ ನರ್ಸಿಂಗ್ ದಾರಿ: ನಾನು ಮಾಡಿದ ಆಕ್ಸೆಸ್ ಕೋರ್ಸ್

ಮೈಸೂರಿನಲ್ಲಿ ಬ್ಯಾಂಕ್ ಕೌಂಟರಿನಲ್ಲಿ ಕೂರುತ್ತಿದ್ದವಳು ನಾನು. ಈಗ ಇರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. 47ನೇ ವಯಸ್ಸಿಗೆ ನರ್ಸ್ ಆಗೋಣ ಅಂತ ಮನೆ ಹತ್ತಿರದ ಕಾಲೇಜಿನಲ್ಲಿ ಆಕ್ಸೆಸ್ ಟು ಹೈಯರ್ ಎಜುಕೇಶನ್ ಡಿಪ್ಲೊಮಾ ಸೇರಿದೆ. ಓದು ಬಿಟ್ಟ ದೊಡ್ಡವರನ್ನು ಡಿಗ್ರಿಗೆ ತಯಾರು ಮಾಡುವ ಕೋರ್ಸ್ ಇದು. ಒಟ್ಟು 60 ಕ್ರೆಡಿಟ್.

ಬಯಾಲಜಿ ಮೇಡಂಗೆ ಪೂರ್ತಿ ಅಂಕ! ಕಿಡ್ನಿ ಪಾಠಕ್ಕೆ ಕಾಫಿ ಫಿಲ್ಟರನ್ನೇ ತಂದಿದ್ದರು. ಏನು ಸೋಸಿ ಹೋಗುತ್ತದೆ, ಅದರಲ್ಲಿ ಏನು ರಕ್ತಕ್ಕೆ ವಾಪಸ್ ಬರುತ್ತದೆ ಅನ್ನುವುದು ಆಮೇಲೆ ಮರೆಯಲೇ ಇಲ್ಲ. ಕ್ಲಾಸಿನಲ್ಲಿ ನನಗಿಂತ ದೊಡ್ಡವರೂ ಇದ್ದರು, ಹಾಗಾಗಿ ಮುಜುಗರ ಆಗಲಿಲ್ಲ. ಆದರೆ ಪ್ರಬಂಧಕ್ಕೆ ಆಕರ ಬರೆಯುವ ಹಾರ್ವರ್ಡ್ ಪದ್ಧತಿಯನ್ನು ಒಂದೇ ಕ್ಲಾಸಿನಲ್ಲಿ ಮುಗಿಸಿಬಿಟ್ಟರು. ಓದು ಬಿಟ್ಟು ಇಷ್ಟು ವರ್ಷ ಆದವರಿಗೆ ಅದು ಸಾಕಾ? ಆಫೀಸಿನಲ್ಲಿ ಫೋನ್ ಎತ್ತುವವರೂ ಇಲ್ಲ.

ಫೀಸಿಗೆ ಅಡ್ವಾನ್ಸ್ಡ್ ಲರ್ನರ್ ಲೋನ್ (ದೊಡ್ಡವರ ಓದಿಗೆ ಸರ್ಕಾರ ಕೊಡುವ ಸಾಲ) ಸಿಕ್ಕಿತು. ಮುಂದೆ ಡಿಗ್ರಿ ಮುಗಿಸಿದರೆ ಇದರ ಬಾಕಿ ಮನ್ನಾ. ಇದನ್ನು ಕಾಲೇಜಿನವರು ತಾವಾಗಿ ಹೇಳಬೇಕಿತ್ತು ಅಲ್ವಾ? ನನಗೆ ಗೊತ್ತಾಗಿದ್ದು ಪಕ್ಕದಲ್ಲಿ ಕೂತವಳಿಂದ.

ನರ್ಸಿಂಗ್ ಡಿಗ್ರಿಗೆ ಸಾಮಾನ್ಯವಾಗಿ, ಇಲ್ಲಿನ ಮಕ್ಕಳು 16ರ ಸುಮಾರಿಗೆ ಬರೆಯುವ ಶಾಲಾ ಪರೀಕ್ಷೆಯಾದ ಜಿಸಿಎಸ್‌ಇ ಇಂಗ್ಲಿಷ್, ಗಣಿತವನ್ನೂ ಕೇಳುತ್ತಾರೆ. ನಮ್ಮ ಎಸ್ಸೆಸ್ಸೆಲ್ಸಿ ನಡೆಯುತ್ತದಾ ಅಂತ ಸೇರುವ ಮೊದಲೇ ಯೂನಿವರ್ಸಿಟಿಗೆ ಕೇಳಿ. 5ಕ್ಕೆ 4 ಸ್ಟಾರ್, ಜಾಸ್ತಿ ಪಾಲು ಬಯಾಲಜಿ ಮೇಡಂದು.