ಕೈಯಲ್ಲಿ ತೂತಿರುವ ಹಳೇ ಕುರ್ಚಿ ರಿಪೇರಿಗೆ ಕೊಟ್ಟ ಕಥೆ: 5ಕ್ಕೆ 3 ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ. ಈ ಮೂರು ಸ್ಟಾರ್‌ನಲ್ಲಿ ಎರಡೂವರೆ ಬೆತ್ತ ಹೆಣೆದವರಿಗೆ, ಉಳಿದ ಅರ್ಧ ಕುರ್ಚಿಯನ್ನು ಮೂರನೇ ಮಹಡಿಗೆ ಎಲ್ಲೂ ಗೀರಾಗದ ಹಾಗೆ ಹೊತ್ತು ತಂದ ಹುಡುಗರಿಗೆ. ಪಾಲಿಶ್‌ಗೆ ಸೊನ್ನೆ. ಅಂಗಡಿ ಹೆಸರು ಹಾಕುತ್ತಿಲ್ಲ, ಯಾಕೆಂದರೆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಬೆಂಗಳೂರಿನಲ್ಲಿ ಹಳೇ ಮರದ ಸಾಮಾನು ರಿಪೇರಿ ಮಾಡುವ ಒಂದು ಅಂಗಡಿ, ಅಷ್ಟು ಸಾಕು.

ಕುರ್ಚಿ ಬಂದಿದ್ದು ಮೂಡಿಗೆರೆ ಕಡೆಯ ಅಜ್ಜನ ಮನೆಯಿಂದ. ಅಜ್ಜ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರೈಟರ್ ಅಂದರೆ ಕಥೆ ಬರೆಯುವವರಲ್ಲ, ಆಳುಗಳ ಹಾಜರಿ, ಬಟವಾಡೆ ಲೆಕ್ಕ ನೋಡುವವರು. ತೋಟ ಕೈ ಬದಲಾದಾಗ ದೊರೆ ಬಂಗಲೆಯ ಸಾಮಾನೆಲ್ಲ ಅವರಿವರಿಗೆ ಹಂಚಿಹೋಯಿತಂತೆ, ಆಗ ಇದು ಅಜ್ಜನ ಮನೆಗೆ ಬಂತು. ಹೋದ ವರ್ಷ ಆ ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿಸಿದೆವು. ಇದೇನು ಅಂತ ಒಬ್ಬರಿಗೂ ಗೊತ್ತಾಗಲಿಲ್ಲ. ಹಿಂದಕ್ಕೆ ವಾಲಿದ ಉದ್ದ ಬೆನ್ನು, ಹರಿದು ಜೋತು ಬಿದ್ದ ಬೆತ್ತ, ಅಂಗೈಗಿಂತ ಅಗಲವಾದ ಎರಡು ಕೈ. ಪ್ರತಿ ಕೈಯ ಅಡಿಯಲ್ಲೂ ಇನ್ನೊಂದು ಹಲಗೆ ಅಡಗಿ ಕೂತಿದೆ, ಎಳೆದರೆ ಅರ್ಧ ಸುತ್ತು ತಿರುಗಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಬಲಗೈಯಲ್ಲಿ ದುಂಡಗೆ ಒಂದು ತೂತು. ಚಿಕ್ಕಪ್ಪ ಕ್ಷೌರದ ಕುರ್ಚಿ ಇರಬೇಕು ಅಂದರು. ಅಮ್ಮ ತೂತು ನೋಡಿ, ಪೀಕದಾನಿ ಇಡುವುದಕ್ಕೆ ಅಂದಳು.

ಇದು ಪ್ಲಾಂಟರ್ಸ್ ಚೇರ್. ಬ್ರಿಟಿಷರ ಕಾಲದಲ್ಲಿ ಕಾಫಿ, ಟೀ ತೋಟದ ಬಂಗಲೆಗಳ ಜಗಲಿಯಲ್ಲಿ ಇಂಥವು ಇರುತ್ತಿದ್ದವು. ತೋಟ ಸುತ್ತಿ ಬಂದ ದೊರೆ ಹಲಗೆ ಎರಡನ್ನೂ ಮುಂದಕ್ಕೆಳೆದು, ಅದರ ಮೇಲೆ ಕಾಲು ಚಾಚಿ ಮಲಗುತ್ತಿದ್ದ. ತೂತು ಅವನ ಗ್ಲಾಸ್ ಇಡುವುದಕ್ಕೆ. ಮುಂಬೈ ಹೆಸರು ಸೇರಿಸಿ ಇಂಗ್ಲಿಷರು ಈ ಕುರ್ಚಿಗೆ ಒಂದು ಪೋಲಿ ಅಡ್ಡಹೆಸರೂ ಇಟ್ಟಿದ್ದರು. ಇದನ್ನು ಅಮ್ಮ ಓದುತ್ತಾಳೆ, ಬಿಡಿ.

ಮರ ಯಾವುದು ಅಂತ ತಿಳಿಯಬೇಕಾದರೆ ಮೇಲಿನ ಬಣ್ಣ ನಂಬಬೇಡಿ. ಕಡಿಮೆ ಬೆಲೆಯ ಮರಕ್ಕೆ ಕಪ್ಪು ಬಣ್ಣ ಬಳಿದು ಬೀಟೆ ಅಂತ ಮಾರುವವರು ಬೇಕಾದಷ್ಟಿದ್ದಾರೆ. ಕುರ್ಚಿ ಬೋರಲು ಹಾಕಿ, ಪಾಲಿಶ್ ತಾಗದ ಕಡೆ ಬ್ಲೇಡಿನಿಂದ ಉಗುರಿನಷ್ಟು ಜಾಗ ಕೆರೆದು ನೋಡಿ. ತೇಗವಾದರೆ ಹೊಂಬಣ್ಣದ ಕಂದು ಬಣ್ಣ, ಮುಟ್ಟಿದರೆ ಎಣ್ಣೆ ಜಿಡ್ಡು, ಚರ್ಮದಂಥ ವಾಸನೆ. ನಮ್ಮದರಲ್ಲಿ ನೇರಳೆ ಬೆರೆತ ಕಂದು, ನಡುವೆ ಕಪ್ಪು ಗೆರೆಗಳು, ಒಂಥರಾ ಸಿಹಿ ವಾಸನೆ. ಬೀಟೆಯೇ. ಎತ್ತಿದಾಗಲೇ ಸೊಂಟ ಹೇಳಿತ್ತು ಅದನ್ನು.

ವಯಸ್ಸು ಹೇಳುವುದು ಇನ್ನೂ ಕಷ್ಟ. ಸ್ಕ್ರೂ ನೋಡಿ ಅನ್ನುತ್ತಾರೆ. ಪ್ಲಸ್ ತಲೆಯ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ, ಹಾಗಾಗಿ ಅದು ಇದ್ದರೆ ಸಾಮಾನು ಆಮೇಲಿನದು, ಇಲ್ಲವೇ ಆಮೇಲೆ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ. ನಮ್ಮ ಕುರ್ಚಿಯಲ್ಲಿ ಎಡಗಡೆ ಹಲಗೆ ತಿರುಗುವ ಜಾಗದಲ್ಲಿ ಮಾತ್ರ ಪ್ಲಸ್, ಮಿಕ್ಕಿದ್ದೆಲ್ಲ ಒಂದೇ ಗೀರಿನ ಹಿತ್ತಾಳೆ ಸ್ಕ್ರೂ. ಆದರೆ ಒಂದೇ ಗೀರಿನದ್ದು ಅಂದ ಮಾತ್ರಕ್ಕೆ ಹಳೆಯದು ಅನ್ನುವ ಹಾಗಿಲ್ಲ, ನಮ್ಮ ಆಚಾರ್ರುಗಳು ಅದನ್ನು ಮೊನ್ನೆ ಮೊನ್ನೆಯವರೆಗೂ ಹಾಕುತ್ತಿದ್ದರು. ಕೀಲುಗಳಲ್ಲಿ ಎಲ್ಲೂ ಕಬ್ಬಿಣವಿಲ್ಲ, ಒಂದು ತುಂಡಿನ ತುದಿ ಇನ್ನೊಂದರ ತೂತಿಗೆ ಕೂತು ಮೇಲೆ ಬಿದಿರಿನ ಮೊಳೆ. ಸೀಟಿನ ಚೌಕಟ್ಟಿನ ಸುತ್ತ ಸಾಲಾಗಿ ಕೊರೆದ ಸಣ್ಣ ತೂತುಗಳು. ಇದು ಮುಖ್ಯ. ತೂತಿದ್ದರೆ ಬೆತ್ತವನ್ನು ಅಲ್ಲೇ ಕೈಯಲ್ಲಿ ಹೆಣೆದಿದ್ದು. ತೂತಿಲ್ಲದೆ ಸುತ್ತಲೂ ಕಾಲುವೆ ಥರ ಗೀರಿದ್ದರೆ ರೆಡಿಮೇಡ್ ಹೆಣೆದ ಹಾಳೆ ತಂದು ಒತ್ತಿ ಕೂರಿಸಿದ್ದು.

ಇನ್ನು ಏನು ಮಾಡೋದು ಅನ್ನುವ ಪ್ರಶ್ನೆ. ಗುಜರಿಯವನು 1,500 ಅಂದ. ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ವಾಟ್ಸಾಪ್‌ನಲ್ಲಿ ಫೋಟೋ ನೋಡಿ 9,000 ಅಂದರು, ಮರದ ಹೆಸರು ಹೇಳಿದ ಕೂಡಲೇ 14,000 ಆಯಿತು, ಅಲ್ಲಿಗೇ ನನಗೆ ಮಾರುವ ಮನಸ್ಸು ಹೋಯಿತು. ನ್ಯೂಜೆರ್ಸಿಯಲ್ಲಿರುವ ಅಣ್ಣನಿಗೆ ಬೇಕಿತ್ತು. ಆದರೆ ಬೀಟೆ ಸಾಮಾನು ಹೊರದೇಶಕ್ಕೆ ಕಳಿಸುವುದು ಸುಲಭವಿಲ್ಲ. 2017ರಿಂದ ಆ ಮರದ ಕುಲವೇ ಸೈಟಿಸ್ ಅನ್ನುವ, ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ, ಇಷ್ಟು ದೊಡ್ಡ ಸಾಮಾನಿಗೆ ಕಾಗದಪತ್ರ ಬೇಕು. ಜೊತೆಗೆ 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ನಾವು ನೀವು ದೇಶದ ಹೊರಗೆ ಸಾಗಿಸುವ ಹಾಗಿಲ್ಲ. ದಾಟಿಲ್ಲ ಅಂತಾದರೆ ಅದಕ್ಕೆ ಪುರಾತತ್ವ ಇಲಾಖೆಯಿಂದ ಸರ್ಟಿಫಿಕೇಟು ತರಬೇಕು. ಅಣ್ಣ ಎರಡು ದಿನ ಇದನ್ನೆಲ್ಲ ಓದಿ, "ನೀನೇ ಇಟ್ಕೊಳೇ ಮಾರಾಯ್ತಿ" ಅಂದ.

ಹಾಗಾಗಿ ರಿಪೇರಿ. ಬೆತ್ತದ ಕೆಲಸದ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆ. ಅಂಗಡಿಯ ಹಿಂದೆ ಗೋಣಿಚೀಲ ಹಾಸಿಕೊಂಡು ಕೂರುವ ಹಿರಿಯರು, ಕೆಲಸ ಶುರು ಮಾಡುವ ಮುಂಚೆ ತೂತುಗಳನ್ನು ಒಂದೊಂದಾಗಿ ಎಣಿಸಿದರು. ಮುಚ್ಚಿಹೋದವನ್ನು ದಬ್ಬಳದಲ್ಲಿ ಚುಚ್ಚಿ ಬಿಡಿಸಿದರು. "ಪ್ಲಾಸ್ಟಿಕ್ ದಾರ ಹಾಕಿದ್ರೆ ಅರ್ಧ ದುಡ್ಡು, ಆದ್ರೆ ಈ ಮರಕ್ಕೆ ಹಾಕ್ಬೇಡಿ ಮೇಡಂ" ಅಂತ ಅವರೇ ಹೇಳಿದರು. ನೆನೆಸಿದ ಬೆತ್ತದ ಸೀಳನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಹೀಗೆ ಎರಡೆರಡು ಸಲ, ಕೊನೆಗೆ ಓರೆಯಾಗಿ ಎರಡು ಸಲ ಎಳೆಯುತ್ತಾರೆ. ಓರೆ ಎಳೆ ಬಿದ್ದ ಕೂಡಲೇ ಚೌಕದ ಕಣ್ಣುಗಳೆಲ್ಲ ಎಂಟು ಮೂಲೆಯವಾಗುತ್ತವೆ, ನೋಡುತ್ತಾ ಕೂತರೆ ಏಳುವ ಮನಸ್ಸಾಗುವುದಿಲ್ಲ. ಅವರು ಕಣ್ಣಿಗಿಂತ ಜಾಸ್ತಿ ಬೆರಳಲ್ಲೇ ಕೆಲಸ ಮಾಡುತ್ತಿದ್ದರು. ಅಂಧರ ಶಾಲೆಗಳಲ್ಲಿ ಈ ಕಸುಬನ್ನು ಯಾಕೆ ಕಲಿಸುತ್ತಿದ್ದರು ಅಂತ ಆವತ್ತು ಅರ್ಥವಾಯಿತು. ಸೀಟು, ಬೆನ್ನು ಎರಡೂ ಸೇರಿ ನಾಲ್ಕು ದಿನ, 4,800 ರೂಪಾಯಿ. ಜೋತುಬಿದ್ದರೆ ಅಡಿಯಿಂದ ಒದ್ದೆ ಬಟ್ಟೆ ಒತ್ತಿ ರಾತ್ರಿ ಒಣಗಲು ಬಿಡಿ, ಮತ್ತೆ ಬಿಗಿಯಾಗುತ್ತದೆ ಅಂತಲೂ ಹೇಳಿಕೊಟ್ಟರು.

ಹಿಂದಿನ ಕಾಲಿಗೆ ಕುಟ್ಟೆ ಹುಳ ಹಿಡಿದಿತ್ತು. ಚೇಗಿಗೆ, ಅಂದರೆ ಮರದ ಒಳಗಿನ ಗಟ್ಟಿ ತಿರುಳಿಗೆ, ಏನೂ ಆಗಿರಲಿಲ್ಲ, ಅಂಚಿನ ಬಿಳಿ ಭಾಗದಲ್ಲಿ ಮಾತ್ರ ಸೂಜಿಮೊನೆಯಂಥ ತೂತು, ಕೆಳಗೆ ಪೌಡರ್‌ನಂಥ ಪುಡಿ. ಸಿರಿಂಜಿನಲ್ಲಿ ಔಷಧಿ ಬಿಟ್ಟು ಮೇಣ ತುಂಬಿದರು. ಸರಿಯಾಗಿದೆ.

ಈಗ ಪಾಲಿಶ್. ಹಳೇ ಪಾಲಿಶ್ ಯಾವುದು ಅಂತ ನಾನು ಮೊದಲೇ ಪರೀಕ್ಷೆ ಮಾಡಿದ್ದೆ. ಹತ್ತಿಗೆ ಸ್ಪಿರಿಟ್ ಹಾಕಿ ಮರೆಯ ಜಾಗದಲ್ಲಿ ಉಜ್ಜಿದರೆ ಅಂಟಂಟಾಯಿತು, ಅಂದರೆ ಅರಗಿನ ಫ್ರೆಂಚ್ ಪಾಲಿಶ್. ಅದರ ಒಳ್ಳೇ ಗುಣ ಏನೆಂದರೆ ಎಲ್ಲಿ ಹಾಳಾಗಿದೆಯೋ ಅಷ್ಟಕ್ಕೇ ತೇಪೆ ಹಾಕಬಹುದು. ಅಂಗಡಿಯವರಿಗೆ ಇದನ್ನು ಹೇಳಿದ್ದೆ. ಆದರೆ ಹೊರಡುವ ಗಡಿಬಿಡಿಯಲ್ಲಿ, "ಆ ಬಲಗೈ ಮೇಲೆ ಕಲೆ ಇದೆ, ಸ್ವಲ್ಪ ಕ್ಲೀನ್ ಮಾಡಿ" ಅಂತ ಒಂದು ಮಾತು ಬಾಯಿಂದ ಬಂದುಬಿಟ್ಟಿತು. ತೂತಿನ ಸುತ್ತ ಕಪ್ಪು ನೀಲಿ ಕಲೆಯೊಂದಿತ್ತು, ಬಳೆಯಷ್ಟು ಅಗಲ.

ವಾರದ ನಂತರ ಫೋಟೋ ಬಂತು. ಬಲಗೈಗೆ ಉಜ್ಜುವ ಮೆಷಿನ್ ಹೊಡೆದು, ಮೇಲೆ ಪಿಯು (ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಥರದ ಪಾಲಿಶ್) ಹಾಕಿ, ಹೊಸ ಹೋಟೆಲಿನ ಟೇಬಲ್ ಥರ ಹೊಳೆಯುತ್ತಿತ್ತು. "ಸ್ಯಾಂಪಲ್ ಮೇಡಂ, ಓಕೆ ಅಂದ್ರೆ ಇಡೀ ಕುರ್ಚಿಗೆ ಹೊಡೀತೀವಿ." ನಾನು ಬೆಪ್ಪಾಗಿ ಆ ಫೋಟೋವನ್ನು ಶಿವಮೊಗ್ಗದ ಅತ್ತೆಗೆ ಕಳಿಸಿದೆ. ಅಜ್ಜನ ದೊಡ್ಡ ಮಗಳು ಅವರು. ತಕ್ಷಣ ಫೋನ್: "ಶಾಯಿ ಕಲೆ ಎಲ್ಲಿ ಹೋಯ್ತೇ?"

ಅಜ್ಜ ಆ ಕುರ್ಚಿ ಮೇಲೆ ಒಂದು ದಿನವೂ ಕಾಲು ಚಾಚಿದವರಲ್ಲವಂತೆ. ಚಕ್ಕಳಮಕ್ಕಳ ಹಾಕಿ ಕೂತು, ತೊಡೆ ಮೇಲೆ ಹಲಗೆ ಇಟ್ಟು ಬಟವಾಡೆ ಪುಸ್ತಕ ಬರೆಯುತ್ತಿದ್ದರಂತೆ. ದೊರೆಯ ಗ್ಲಾಸಿನ ತೂತಿಗೆ ಒಂದು ಕರಟ ಕೂರಿಸಿ, ಅದರಲ್ಲಿ ಶಾಯಿ ಬಾಟ್ಲಿ. ಶನಿವಾರ ರಾತ್ರಿ ಲೆಕ್ಕ ತಾಳೆಯಾಗದಿದ್ದರೆ ಮಕ್ಕಳು ಯಾರೂ ಆ ಕಡೆ ಸುಳಿಯುತ್ತಿರಲಿಲ್ಲವಂತೆ. ಈ ಮಾತನ್ನು ಅತ್ತೆಗೆ ಒಂದು ವಾರ ಮುಂಚೆ ಕೇಳಿದ್ದರೆ ಆಗುತ್ತಿತ್ತು, ಅಲ್ವಾ? ಮರ, ಸ್ಕ್ರೂ, ಕಾಯ್ದೆ ಎಲ್ಲ ಹುಡುಕಿದೆ. ಒಂದು ಫೋನ್ ಮಾಡಲಿಲ್ಲ.

ಆದರೂ ಹಳೇ ಸಾಮಾನಿನದೇ ಅಂಗಡಿ ಅಂತ ಬೋರ್ಡು ಹಾಕಿಕೊಂಡವರು ಮೆಷಿನ್ ಹಿಡಿಯುವ ಮುಂಚೆ ಒಂದು ಮಾತು ಕೇಳಬೇಕಿತ್ತು. ಜಗಳ ಮಾಡಿದೆ. ಪಾಲಿಶ್ ದುಡ್ಡು ಬಿಟ್ಟರು, ಬಲಗೈಗೆ ಮತ್ತೆ ಅರಗು ಹಾಕಿಕೊಡುತ್ತೇವೆ ಅಂದರು. ಬೇಡ ಅಂದೆ, ಇನ್ನೊಂದು ಸಲ ಉಜ್ಜಿದರೆ ಉಳಿದಿದ್ದೂ ಹೋಗುತ್ತಿತ್ತು. ತೂತಿನ ಒಳಗೋಡೆಗೆ ಮೆಷಿನ್ ತಲುಪಿಲ್ಲ. ಅಲ್ಲಿ ಇನ್ನೂ ನೀಲಿ ಇದೆ.

ಕುರ್ಚಿ ಈಗ ಬಾಲ್ಕನಿಯಲ್ಲಿದೆ, ಒಂದು ಕೈ ಮಂಕು, ಒಂದು ಕೈ ಮಿಣಮಿಣ. ಜಾಗ ತುಂಬಾ ತಿನ್ನುತ್ತದೆ, ಹಲಗೆ ಬಿಚ್ಚಿದರೆ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಮಡಚಬೇಕು. ಸ್ಟೀಲ್ ಲೋಟ ತೂತಿನಿಂದ ನೇರ ಕೆಳಗೆ ಬೀಳುತ್ತದೆ, ಎರಡು ಸಲ ಕಾಫಿ ಚೆಲ್ಲಿದ ಮೇಲೆ ಅಮ್ಮ ಅಡುಗೆಮನೆಯಿಂದ ಒಂದು ಕರಟ ತಂದಿಟ್ಟಳು.